ಪ್ರೆಶರ್ ನಾರ್ಮಲ್ ಇದ್ದರೂ ಗ್ಲಾಕೋಮಾ ಹೇಗೆ?

ಪ್ರಶ್ನೆ: ಕನ್ನಡಕದ ಅಂಗಡಿಯಲ್ಲಿ ಗಾಳಿ ಊದಿ ನೋಡಿದಾಗ ಕಣ್ಣಿನ ಪ್ರೆಶರ್ 14 ಬಂತು. ಆಸ್ಪತ್ರೆಯಲ್ಲಿ 16 ಅಂದರು. 21ರವರೆಗೆ ನಾರ್ಮಲ್ ಅಲ್ವಾ? ಆದರೂ ಗ್ಲಾಕೋಮಾ ಅಂತ ಡ್ರಾಪ್ಸ್ ಬರೆದಿದ್ದಾರೆ. ನಿಲ್ಲಿಸಬಹುದಾ? (ಹಿಂದೆ ಕನ್ನಡಕ ಬಿಡಲು ಲೇಸಿಕ್ ಲೇಸರ್ ಆಪರೇಷನ್ ಮಾಡಿಸಿದ್ದೇನೆ.)

ನಿಲ್ಲಿಸಬೇಡಿ. ಗ್ಲಾಕೋಮಾ ಅಂದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಹಾಳಾಗುತ್ತಾ ಹೋಗುವ ರೋಗ. ಮತ್ತೆ, ಆ ಲೇಸಿಕ್ ವಿಷಯವನ್ನು ದಯವಿಟ್ಟು ಬ್ರಾಕೆಟ್ಟಿನಲ್ಲಿ ಹಾಕಬೇಡಿ. ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದು ಅದೊಂದೇ ಸಾಲು.

ಪ್ರೆಶರನ್ನು ಯಾರೂ ಕಣ್ಣಿನ ಒಳಗೆ ಹೋಗಿ ಅಳೆಯುವುದಿಲ್ಲ. ಗೋಲ್ಡ್‌ಮನ್ ಟೋನೋಮೀಟರಿನಲ್ಲಿ ನೀಲಿ ಬೆಳಕು ಬಿಟ್ಟು, ಪುಟ್ಟ ಪ್ರಿಸಂ ಒಂದನ್ನು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ತಾಗಿಸುತ್ತೇವೆ. ಎರಡು ಹಸಿರು ಅರ್ಧವೃತ್ತ ಕಾಣುತ್ತವೆ. ಅವುಗಳ ಒಳಅಂಚು ಒಂದಕ್ಕೊಂದು ಮುಟ್ಟುವವರೆಗೆ ಡಯಲ್ ತಿರುಗಿಸುತ್ತೇವೆ. ಕಾರ್ನಿಯಾವನ್ನು ಅಷ್ಟು ಚಪ್ಪಟೆ ಮಾಡಲು ಎಷ್ಟು ಬಲ ಬೇಕಾಯಿತು ಅನ್ನುವುದೇ ನಿಮ್ಮ ನಂಬರ್. ಈ ಲೆಕ್ಕ ಕಟ್ಟಿರುವುದು ಸುಮಾರು 520 ಮೈಕ್ರಾನ್ ದಪ್ಪದ ಕಾರ್ನಿಯಾಕ್ಕೆ. ಲೇಸಿಕ್‌ನಲ್ಲಿ ಕಾರ್ನಿಯಾವನ್ನೇ ಕೆತ್ತಿ ತೆಳ್ಳಗೆ ಮಾಡಿರುತ್ತಾರೆ. ತೆಳ್ಳಗಿದ್ದರೆ ಬೇಗ ಬಗ್ಗುತ್ತದೆ, ನಂಬರ್ ಕಡಿಮೆ ಬರುತ್ತದೆ. ನಿಮ್ಮ 16ರ ಹಿಂದೆ ನಿಜವಾಗಿ 20 ಇರಬಹುದು. ಇದನ್ನು ಸರಿಮಾಡಲು ಇಂಟರ್ನೆಟ್ಟಿನಲ್ಲಿ ಸಿಗುವ ಸೂತ್ರಗಳನ್ನು ನಾನಂತೂ ನಂಬುವುದಿಲ್ಲ.

ಹೋಗಲಿ, ನಿಜವಾಗಿಯೂ 16 ಇದ್ದರೂ ಗ್ಲಾಕೋಮಾ ಬರುತ್ತದೆ. ಅಂಥ ಕಣ್ಣುಗಳಲ್ಲೂ ಪ್ರೆಶರನ್ನು ಶೇ 30ರಷ್ಟು ಇಳಿಸಿದರೆ ನರದ ಹಾನಿ ನಿಧಾನವಾಗುತ್ತದೆ ಅಂತ 1998ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಇದರ ಉಲ್ಟಾ ಕಥೆಯೂ ಇದೆ. 2002ರಲ್ಲಿ ಅಲ್ಲಿನದೇ ಇನ್ನೊಂದು ಅಧ್ಯಯನದ ಫಲಿತಾಂಶ ಬಂತು. ಪ್ರೆಶರ್ ಜಾಸ್ತಿ ಇದ್ದು, ನರ ಚೆನ್ನಾಗಿದ್ದ 1,636 ಜನರನ್ನು ಗಮನಿಸಿದ್ದರು. ಐದು ವರ್ಷದಲ್ಲಿ ಗ್ಲಾಕೋಮಾ ಬಂದದ್ದು ಡ್ರಾಪ್ಸ್ ಹಾಕದವರಲ್ಲಿ ಶೇ 9.5, ಹಾಕಿದವರಲ್ಲಿ ಶೇ 4.4. ಅಂದರೆ ಡ್ರಾಪ್ಸ್ ಕೆಲಸ ಮಾಡುತ್ತದೆ, ಆದರೆ ಪ್ರೆಶರ್ ಜಾಸ್ತಿ ಇದ್ದವರೆಲ್ಲ ರೋಗಿಗಳಲ್ಲ. ನಿಮ್ಮ ಡಾಕ್ಟರು ಡ್ರಾಪ್ಸ್ ಬರೆದದ್ದು ನಂಬರ್ ನೋಡಿ ಇರಲಿಕ್ಕಿಲ್ಲ, ನರ ನೋಡಿ. ಓಸಿಟಿ (ನರದ ಸ್ಕ್ಯಾನ್), ಫೀಲ್ಡ್ ಟೆಸ್ಟ್ (ಸುತ್ತ ಎಷ್ಟು ಕಾಣುತ್ತದೆ ಅನ್ನುವ ಪರೀಕ್ಷೆ) ಎರಡರ ರಿಪೋರ್ಟನ್ನೂ ಕೇಳಿ ಪಡೆಯಿರಿ. ಲೇಸಿಕ್‌ಗೆ ಮುಂಚಿನ ಫೈಲ್ ಸಿಕ್ಕರೆ ತೆಗೆದುಕೊಂಡು ಹೋಗಿ. ಮುಂದಿನ ಸಲದಿಂದ ಒಂದೇ ಕಡೆ, ಒಂದೇ ಯಂತ್ರದಲ್ಲಿ, ಸಾಧ್ಯವಾದರೆ ದಿನದ ಅದೇ ಹೊತ್ತಿಗೆ ಅಳೆಸಿ. ಪ್ರೆಶರ್ ಬೆಳಿಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಅಂಗಡಿಯ 14ನ್ನು ಮರೆತುಬಿಡಿ.

ಪ್ರಶ್ನೆ: ನನ್ನ ಬಿಪಿ ನಾರ್ಮಲ್. ಕಣ್ಣಿನ ಪ್ರೆಶರೂ ನಾರ್ಮಲ್ ತಾನೇ?

ಅಲ್ಲ. ಅದು ಬೇರೆ, ಇದು ಬೇರೆ.

ಪ್ರಶ್ನೆ: ಜೇನುತುಪ್ಪ, ಈರುಳ್ಳಿ ರಸ ಕಣ್ಣಿಗೆ ಹಾಕಿದರೆ ಗ್ಲಾಕೋಮಾ ಹೋಗುತ್ತದಂತೆ?

ಹೋಗುವುದಿಲ್ಲ. ಕಣ್ಣು ಉರಿಯುತ್ತದೆ, ಸೋಂಕೂ ಆಗಬಹುದು. ಹೋದ ದೃಷ್ಟಿ ವಾಪಸ್ ತರಿಸುತ್ತೇನೆ ಅನ್ನುವವನ ಹತ್ತಿರ ಕಾಲು ಕೂಡ ಇಡಬೇಡಿ. ಅದು ನಮ್ಮ ಕೈಯಲ್ಲೂ ಆಗದ ಕೆಲಸ.

ಪ್ರಶ್ನೆ: ಗ್ಲಾಕೋಮಾ ಇದೆ. ಶೀರ್ಷಾಸನ ಮಾಡಬಹುದಾ?

ಬೇಡ. ತಲೆ ಕೆಳಗಾಗಿ ನಿಂತಾಗ ಕಣ್ಣಿನ ಪ್ರೆಶರ್ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮಾಡಲು ಬೇರೆ ಆಸನಗಳು ಎಷ್ಟೋ ಇವೆ.

ಪ್ರಶ್ನೆ: ಟಿಮೊಲಾಲ್ ಡ್ರಾಪ್ಸ್ ಶುರುವಾದ ಮೇಲೆ ಉಬ್ಬಸ ಜಾಸ್ತಿಯಾಗಿದೆ. ಆಸ್ತಮಾ ಇರುವುದನ್ನು ಕಣ್ಣಿನ ಡಾಕ್ಟರಿಗೆ ಹೇಳಬೇಕಾ?

ಮೊದಲ ದಿನವೇ ಹೇಳಬೇಕಿತ್ತು. ಕಣ್ಣಿಗೆ ಬಿಟ್ಟ ಹನಿ ಮೂಗಿನ ಮೂಲಕ ರಕ್ತಕ್ಕೂ ಸೇರುತ್ತದೆ, ಟಿಮೊಲಾಲ್ ಆದರೆ ಉಸಿರಿನ ನಾಳಗಳನ್ನು ಬಿಗಿ ಮಾಡಬಹುದು. ಇದನ್ನು ಓದಿದ ಕೂಡಲೇ ಅವರಿಗೆ ಫೋನ್ ಮಾಡಿ, ಬೇರೆ ಡ್ರಾಪ್ಸ್ ಬರೆಸಿಕೊಳ್ಳಿ. ಉಸಿರಾಡಲು ತೀರಾ ಕಷ್ಟವಾಗುತ್ತಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ.