ಯುವಿ ಲೈಟಲ್ಲಿ ಇಟ್ರೆ ರಬ್ಬರ್, ಸಿಲಿಕೋನ್ ಬೇಗ ಕ್ಯೂರ್ ಆಗುತ್ತಾ, ಅಂದ್ರೆ ಗಟ್ಟಿಯಾಗಿ ಸೆಟ್ ಆಗುತ್ತಾ?

ಎಲ್ಲದಕ್ಕೂ ಆಗಲ್ಲ. ಒಳಗೆ ಫೋಟೋಇನಿಶಿಯೇಟರ್, ಅಂದ್ರೆ ಬೆಳಕು ಹೀರ್ಕೊಂಡು ರಿಯಾಕ್ಷನ್ ಶುರು ಮಾಡೋ ಕೆಮಿಕಲ್, ಇದ್ರೆ ಮಾತ್ರ ಯುವಿ ಕೆಲಸ ಮಾಡೋದು. 365 ನ್ಯಾನೋಮೀಟರ್ ಆಸುಪಾಸಿನ ಬೆಳಕು ಬಿದ್ದಾಗ ಆ ಕೆಮಿಕಲ್ ಒಡೆದು ಫ್ರೀ ರ‍್ಯಾಡಿಕಲ್‌ಗಳು, ಅಂದ್ರೆ ಬೇರೆ ಅಣುಗಳ ಜೊತೆ ಸೇರೋಕೆ ತುದಿಗಾಲಲ್ಲಿರೋ ತುಣುಕುಗಳು, ಹುಟ್ತವೆ, ಅವು ಸುಮ್ನೆ ಕೂರಲ್ಲ, ಪಕ್ಕದ ಅಣುಗಳ ಡಬಲ್ ಬಾಂಡ್‌ಗೆ ಕೈ ಹಾಕಿ ಒಂದಕ್ಕೊಂದು ಗಂಟು ಹಾಕ್ತಾ ಹೋಗ್ತವೆ, ಹಂಗಾಗಿ ಅಂಟಂಟಾಗಿದ್ದ ದ್ರವ ಕೆಲವೇ ಸೆಕೆಂಡಲ್ಲಿ ಎಳೆದ್ರೆ ವಾಪಸ್ ಬರೋ ಬಲೆ ಆಗ್ಬಿಡುತ್ತೆ. ಟ್ಯೂಬಲ್ಲಿ ಬರೋ ಮಾಮೂಲಿ ಸಿಲಿಕೋನ್ ಸೀಲಂಟ್ ಗಟ್ಟಿಯಾಗೋದು ಗಾಳೀಲಿರೋ ತೇವಾಂಶದಿಂದ, ಟೈರ್ ರಬ್ಬರ್ ಗಂಧಕ ಮತ್ತೆ ಬಿಸಿಯಿಂದ, ಇವುಕ್ಕೆ ಲ್ಯಾಂಪ್ ಹಿಡಿದು ಪ್ರಯೋಜನ ಇಲ್ಲ.

ಯುವಿ ಟೈಪೇ ಆದ್ರೂ ದಪ್ಪಗೆ ಹಾಕ್ಬೇಡಿ, ಅದ್ರಲ್ಲೂ ಕಪ್ಪು ಬಣ್ಣ ಇದ್ರೆ ಬೆಳಕು ಕೆಳಗೆ ಇಳಿಯೋದೇ ಇಲ್ಲ, ಮೇಲೆ ಗಟ್ಟಿ ಒಳಗೆ ಹಸಿ. ಬೆರಳಿಟ್ರೆ ಮೇಲ್ಪದರ ಮಾತ್ರ ಜಿಗುಟು ಅನ್ಸಿದ್ರೆ ಸಾಮಾನ್ಯವಾಗಿ ಅದು ಆಕ್ಸಿಜನ್ ಕೆಲಸ, ರ‍್ಯಾಡಿಕಲ್‌ಗಳನ್ನ ಅದೇ ನುಂಗಿಬಿಡುತ್ತೆ. ಹಂಗಂತ ಕ್ಯೂರ್ ಆದ್ಮೇಲೂ ದಿನಗಟ್ಟಲೆ ಯುವಿಲಿ ಬಿಡ್ಬೇಡಿ, ಎಷ್ಟೋ ಮೆಟೀರಿಯಲ್‌ಗಳಲ್ಲಿ ಕಟ್ಟಿದ ಸರಪಳಿಗಳೇ ತುಂಡಾಗೋಕೆ ಶುರುವಾಗಿ ಹಳದಿ ತಿರುಗುತ್ತೆ, ಬಗ್ಗಿಸಿದ್ರೆ ಸಣ್ಣ ಸಣ್ಣ ಬಿರುಕು ಕಾಣುತ್ತೆ.