ಭಾಷಾವಿಜ್ಞಾನಕ್ಕೆ ಹೊಸಬ. ಐಪಿಎ ಚಾರ್ಟ್ (ಎಲ್ಲ ಭಾಷೆಗಳ ಸದ್ದುಗಳನ್ನು ಬರೆಯುವ ಗುರುತುಗಳ ಪಟ್ಟಿ) ಬೇಗ ಬಾಯಿಪಾಠ ಮಾಡೋಕೆ ಫ್ಲ್ಯಾಷ್ ಕಾರ್ಡ್ ಒಳ್ಳೆಯದಾ, ಆ್ಯಪ್ ಒಳ್ಳೆಯದಾ?

ಎರಡೂ ಬೇಡ. ಬೇಜಾರಾಗಬೇಡಿ, ನಾನೂ ಇದೇ ದಾರಿ ಹಿಡಿದು ಬಿದ್ದವನು. ಮೊದಲ ಸೆಮಿಸ್ಟರ್‌ನಲ್ಲಿ ಚಾರ್ಟ್ ಪ್ರಿಂಟ್ ತೆಗೆದು ಮಂಚದ ಪಕ್ಕ ಅಂಟಿಸಿಕೊಂಡಿದ್ದೆ. ಮೂರು ವಾರಕ್ಕೆ ಪೂರ್ತಿ ಬಾಯಿಗೆ ಬಂತು. ಯಾವ ಗುರುತು ತೋರಿಸಿದರೂ ಥಟ್ಟನೆ ಹೆಸರು ಹೇಳುತ್ತಿದ್ದೆ.

ಆಮೇಲೆ ಕೇಳಿದ್ದನ್ನು ಆ ಗುರುತುಗಳಲ್ಲಿ ಬರೆಯುವ ಪರೀಕ್ಷೆ ಬಂತು. ಮೇಷ್ಟ್ರು ಐದೇ ಪದ ಹೇಳಿದರು: ಅಂಕ, ಸಂಜೆ, ಗಂಟೆ, ಬಂದ, ಕಂಬ. ಇಷ್ಟೇನಾ ಅಂದುಕೊಂಡೆ. ಸೊನ್ನೆ ಇರುವ ಕಡೆಯೆಲ್ಲ ಎಮ್ ಗುರುತು ಹಾಕಿ, ಎಲ್ಲರಿಗಿಂತ ಮೊದಲು ಹಾಳೆ ಕೊಟ್ಟೆ. ಕಂಬ ಒಂದು ಸರಿ. ಉಳಿದ ನಾಲ್ಕೂ ತಪ್ಪು.

ಯಾಕೆ ಅಂತ ನೀವೇ ನೋಡಿ. ‘ಅಂಕ’ ಅನ್ನಿ, ‘ಕ’ ಬರುವ ಮೊದಲೇ ನಿಲ್ಲಿಸಿ. ತುಟಿ ಮುಚ್ಚಿದೆಯಾ? ಇಲ್ಲ ಅಲ್ವಾ. ನಾಲಿಗೆಯ ಹಿಂಭಾಗ ಆಗಲೇ ಮೇಲೆದ್ದು, ‘ಕ’ಗೆ ಬೇಕಾದ ಜಾಗದಲ್ಲಿ ಕೂತಿರುತ್ತದೆ. ಉಸಿರು ಮೂಗಿನಿಂದ ಹೋಗುತ್ತದೆ. ಅದು ಙ. ‘ಸಂಜೆ’ಯಲ್ಲಿ ಬರುವುದು ಞ. ‘ಗಂಟೆ’ಯಲ್ಲಿ ನಾಲಿಗೆಯ ತುದಿ ಮೇಲಕ್ಕೆ ಮಡಚುತ್ತದೆ, ಅದು ಣ. ‘ಬಂದ’ದಲ್ಲಿ ತುದಿ ಹಲ್ಲಿಗೆ ತಾಗುತ್ತದೆ, ಅದು ನ. ತುಟಿ ಮುಚ್ಚುವುದು ‘ಕಂಬ’ದಲ್ಲಿ ಮಾತ್ರ. ಸೊನ್ನೆ ಒಂದೇ, ಸದ್ದು ಐದು. ವರ್ಣಮಾಲೆ ಒಪ್ಪಿಸುವಾಗ ‘ಅಂ’ ಅಂತ ತುಟಿ ಮುಚ್ಚಿ ಹೇಳಿದ್ದೆನಲ್ಲ, ಅದೇ ತಲೆಯಲ್ಲಿ ಕೂತಿತ್ತು. ಮೇಷ್ಟ್ರ ದನಿ ಕಿವಿಗೆ ಬೀಳುವ ಮೊದಲೇ ಕಣ್ಣಿಗೆ ಅಕ್ಷರ ಬಂದಿತ್ತು. ಇನ್ನೂ ನಾಚಿಕೆಯ ವಿಷಯ ಅಂದರೆ, ಙ ಮತ್ತು ಞ ಸುಮ್ನೆ ಸಾಲು ತುಂಬಿಸೋಕೆ ಇಟ್ಟ ಅಕ್ಷರಗಳು ಅಂತಲೇ ನಾನು ನಂಬಿದ್ದೆ. ದಿನಾ ನನ್ನ ಬಾಯಲ್ಲೇ ಇದ್ದವು!

ಹಾಗಾಗಿ ಚಾರ್ಟ್ ಮುಚ್ಚಿಡಿ, ಕನ್ನಡಿ ತನ್ನಿ. ಯಾವ ಸದ್ದಿಗಾದರೂ ಮೂರು ಪ್ರಶ್ನೆ ಕೇಳಿ: ಉಸಿರಿಗೆ ತಡೆ ಎಲ್ಲಿ, ಆ ತಡೆ ಪೂರ್ತಿಯೋ ಅರೆಬರೆಯೋ, ಗಂಟಲು ನಡುಗುತ್ತಿದೆಯೋ ಇಲ್ಲವೋ. ಗಂಟಲ ಮೇಲೆ ಬೆರಳಿಟ್ಟು ‘ಸ್ಸ್ಸ್’ ಅನ್ನಿ, ಆಮೇಲೆ ‘ಜೀಬ್ರಾ’ದ ಮೊದಲ ಸದ್ದನ್ನು ಎಳೆಯಿರಿ. ನಾಲಿಗೆ ಇದ್ದಲ್ಲೇ ಇರುತ್ತದೆ, ಗಂಟಲು ಮಾತ್ರ ಗುಂಯ್ ಅನ್ನುತ್ತದೆ. ‘ಮ್ಮ್ಮ್’ ಅನ್ನುತ್ತಾ ಮೂಗು ಹಿಡಿಯಿರಿ, ಸದ್ದು ಅಲ್ಲೇ ಸಾಯುತ್ತದೆ. ಅಂಗೈಯನ್ನು ಬಾಯಿಯ ಮುಂದಿಟ್ಟು ‘ಪ’, ‘ಫಲ’ದ ‘ಫ’ ಹೇಳಿ. ‘ಫ’ಗೆ ಗಾಳಿ ರಪ್ ಅಂತ ಬಡಿಯಬೇಕು. ಬಡಿಯಲಿಲ್ಲ ಅಂದರೆ ನೀವೂ ಎಷ್ಟೋ ಜನರ ಹಾಗೆ ತುಟಿ ಮುಚ್ಚದೆ, ‘ಫೋನ್’ನ ಮೊದಲ ಸದ್ದು ಹಾಕುತ್ತಿರಬಹುದು.

ಸ್ವರಗಳು ಕಷ್ಟ, ಯಾಕೆಂದರೆ ನಾಲಿಗೆ ಎಲ್ಲೂ ತಾಗುವುದಿಲ್ಲ. ಅಲ್ಲಿಗೆ ಮಾತ್ರ ಆಡಿಯೋ ಇರುವ ಆ್ಯಪ್ ಆಗಬಹುದು.

ಇಷ್ಟಾದ ಮೇಲೆ ಚಾರ್ಟ್ ತೆರೆದರೆ ಅದು ಬಾಯಿಯ ನಕ್ಷೆ ಅಂತ ಕಾಣುತ್ತದೆ. ವ್ಯಂಜನಗಳ ಪಟ್ಟಿಯಲ್ಲಿ ಎಡಗಡೆ ತುಟಿ, ಬಲಕ್ಕೆ ಹೋದಂತೆ ಗಂಟಲು. ನಮ್ಮ ಕ ಚ ಟ ತ ಪ ಗಂಟಲ ಕಡೆಯಿಂದ ತುಟಿಗೆ ಬರುತ್ತದಲ್ಲ, ಅದರ ಉಲ್ಟಾ. ಒಂದೇ ಮನೆಯಲ್ಲಿ ಎರಡು ಗುರುತಿದ್ದರೆ ಬಲಗಡೆಯದು ಗಂಟಲು ನಡುಗುವ ಸದ್ದು. ಬಾಯಿಪಾಠಕ್ಕೆ ಏನೂ ಜಾಸ್ತಿ ಉಳಿಯುವುದಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಿದ್ದರೆ ನಾನು ಮೂಗು ಹಿಡಿದುಕೊಂಡು ಗೊಣಗುತ್ತಾ ಕೂತಿದ್ದೆ. ಹಾಳೆ ಕೊಟ್ಟಿದ್ದು ಎಲ್ಲರಿಗಿಂತ ಕೊನೆಗೆ.