ಗೇಟು ಅಲ್ಲಾಡಿದ್ದನ್ನು ಮೊದಲು ಬರೆಯಿರಿ

ನಮಸ್ಕಾರ,

ನೀವು ಕಳಿಸಿದ ‘ವೈರ್‌ಲೆಸ್ ಸೆನ್ಸರ್: ರೈತರಿಗೊಂದು ವರದಾನ’ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ನಿರಾಳವಾಗಿ ಓದಬಹುದು, ಅಲ್ವಾ. ಹಾಗಂತ ‘ವಿಷಾದವಿದೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂಥ ಲೇಖನವೂ ಇದಲ್ಲ. ಮಲೆನಾಡಿನ ಒಂದು ತೋಟದ ಮನೆ, ಅದರ ಕಬ್ಬಿಣದ ಗೇಟಿಗೆ ಕಳ್ಳ ಬಂದರೆ ಕೂಗಿ ಎಚ್ಚರಿಸುವ ಒಂದು ಸೆನ್ಸರ್, ಅಡಿಕೆ ಚೀಲ ಇಡುವ ತಗಡಿನ ಶೆಡ್ಡಿಗೆ ಒಂದು, ಪಂಪ್‌ಹೌಸಿಗೆ ಇನ್ನೊಂದು. ಮೂರನ್ನೂ ನೀವೇ ಡ್ರಿಲ್ ಹಿಡಿದು ಹಾಕಿದ್ದೀರಿ. ಇಂಥದ್ದನ್ನು ಕೈಯಾರೆ ಮಾಡಿ ಆಮೇಲೆ ಬರೆಯಲು ಕೂರುವವರು ಕಡಿಮೆ. ಅದಕ್ಕೇ ಇಷ್ಟುದ್ದ ಉತ್ತರ.

ಮೊದಲ ನಾಲ್ಕು ಪ್ಯಾರಾ ತೆಗೆದುಹಾಕಿ. ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರುವಾಗಿ ತಂತ್ರಜ್ಞಾನದ ಮಹಿಮೆ ಹೇಳಿ, ಕಳ್ಳತನ ಸಮಾಜದ ಪಿಡುಗು ಅಂತ ಹೇಳಿ, ಸುರಕ್ಷತೆ ಎಲ್ಲರಿಗೂ ಬೇಕು ಅಂತ ಹೇಳಿ ಮುಗಿಯುವ ಹೊತ್ತಿಗೆ ಓದುಗ ಎದ್ದು ಹೋಗಿರುತ್ತಾನೆ. ಬೋರ್‌ವೆಲ್ಲಿನ ತಾಮ್ರದ ಕೇಬಲ್ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋದ ಮೇಲೆ ಬೆಳಿಗ್ಗೆ ಮೊಂಡು ತುದಿ ನೋಡುತ್ತಾ ನಿಂತವನಿಗೆ ಕಳ್ಳತನ ಕೆಟ್ಟದ್ದು ಅಂತ ನಾವು ಹೇಳಬೇಕಾಗಿಲ್ಲ. ಅವನಿಗೆ ಬೇಕಾಗಿರುವುದು ಸ್ಕ್ರೂ ಎಲ್ಲಿ ಹೊಡೆಯಬೇಕು ಅನ್ನುವುದು.

ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಒಂಬತ್ತನೇ ಪ್ಯಾರಾದಲ್ಲಿ. ಗಾಳಿಗೆ ಗೇಟು ಅಲ್ಲಾಡಿ ರಾತ್ರಿ ಪದೇ ಪದೇ ಸೈರನ್ ಹೊಡೆಯುತ್ತಿತ್ತು, ಕೊನೆಗೆ ಅಮ್ಮ ಸೆನ್ಸರಿನ ಬ್ಯಾಟರಿ ಕಿತ್ತು ಅಕ್ಕಿ ಡಬ್ಬದ ಮೇಲಿಟ್ಟು ಮಲಗಿದರು ಅಂತ ಬರೆದಿದ್ದೀರಿ. ಒಂದೇ ಒಂದು ವಾಕ್ಯ. ಮರುವಾಕ್ಯದಲ್ಲೇ ‘ಇಂಥ ಸಣ್ಣಪುಟ್ಟ ತೊಂದರೆಗಳನ್ನು ಬಿಟ್ಟರೆ ಇದು ಅತ್ಯುತ್ತಮ ಸಾಧನ’ ಅಂತ ದಾಟಿಬಿಟ್ಟಿದ್ದೀರಿ. ಅದು ಸಣ್ಣಪುಟ್ಟ ತೊಂದರೆ ಹೇಗಾಗುತ್ತದೆ? ಬ್ಯಾಟರಿ ಡಬ್ಬದ ಮೇಲಿದ್ದ ಆ ರಾತ್ರಿ ನಿಮ್ಮ ಗೇಟಿಗೆ ಕಾವಲೇ ಇರಲಿಲ್ಲ. ಸುಮ್ನೆ ಕೂಗುವ ಸೆನ್ಸರನ್ನು ಮನೆಯವರೇ ಆರಿಸುತ್ತಾರೆ. ಎಲ್ಲ ಮನೆಗಳಲ್ಲೂ ಆಗುವುದು ಇದೇ. ಅದನ್ನು ತಡೆಯುವುದು ಹೇಗೆ ಅನ್ನುವುದೇ ನಿಮ್ಮ ವಿಷಯ. ಅಲ್ಲಿಂದ ಶುರು ಮಾಡಿ.

ಶುರು ಮಾಡಿದರೆ ಗೇಟು ಯಾಕೆ ಹಾಗೆ ಮಾಡಿತು ಅಂತ ವಿವರಿಸಲೇಬೇಕಾಗುತ್ತದೆ. ನೀವು ಅದನ್ನು ‘ಸ್ಮಾರ್ಟ್ ತಂತ್ರಜ್ಞಾನ’ ಅಂದು ಮುಗಿಸಿದ್ದೀರಿ. ಅದರಲ್ಲಿ ಸ್ಮಾರ್ಟ್ ಏನೂ ಇಲ್ಲ ಕಣ್ರೀ. ಗೇಟಿಗೆ ಹಾಕುವ ಸೆನ್ಸರುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ರೀಡ್ ಸ್ವಿಚ್. 1936ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಾಲ್ಟರ್ ಎಲ್‌ವುಡ್ ರೂಪಿಸಿದ್ದು. ಪುಟ್ಟ ಗಾಜಿನ ಕೊಳವೆ, ಒಳಗೆ ಎರಡು ತೆಳು ಲೋಹದ ಪಟ್ಟಿ. ಅಯಸ್ಕಾಂತ ಹತ್ತಿರ ಬಂದರೆ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ, ದೂರ ಹೋದರೆ ಬಿಡುತ್ತವೆ. ಬಿಟ್ಟ ಕೂಡಲೇ ಸೆನ್ಸರು ರೇಡಿಯೋದಲ್ಲಿ ‘ತೆರೆಯಿತು’ ಅಂತ ಕೂಗುತ್ತದೆ, ಅದನ್ನು ಕೇಳಿ ಮನೆಯೊಳಗಿನ ಪ್ಯಾನೆಲ್ ಅನ್ನುವ ಡಬ್ಬಿ ಸೈರನ್ ಹೊಡೆಸುತ್ತದೆ. ಇಷ್ಟೇ. ಓದುಗನಿಗೆ ಇಷ್ಟು ಗೊತ್ತಾದರೆ ಉಳಿದ ಅರ್ಧವನ್ನು ಅವನೇ ಊಹಿಸಿಕೊಳ್ಳುತ್ತಾನೆ.

ಮನೆಯ ಬಾಗಿಲಿಗೆಂದು ಮಾರುವ ಸೆನ್ಸರಿನಲ್ಲಿ ಅಯಸ್ಕಾಂತಕ್ಕೂ ಸ್ವಿಚ್ಚಿಗೂ ನಡುವೆ ಸುಮಾರು 15–20 ಮಿಲಿಮೀಟರ್ ಅಂತರ ಇರಬಹುದು, ಅದಕ್ಕಿಂತ ಜಾಸ್ತಿ ಆದರೆ ಬಿಟ್ಟುಹೋಗುತ್ತದೆ. ಮರದ ಬಾಗಿಲಿಗೆ ಅದು ಸಾಕು. ತೋಟದ ಗೇಟಿಗೆ ಎಲ್ಲಿ ಸಾಲುತ್ತದೆ? ಕೀಲು ಸವೆದು ಗೇಟು ಜೋತುಬಿದ್ದಿರುತ್ತದೆ, ಮಳೆಗಾಲದಲ್ಲಿ ಮಣ್ಣು ಮೆತ್ತಗಾಗಿ ಕಂಬವೇ ಒಂದು ಕಡೆ ವಾಲಿರುತ್ತದೆ, ಚಿಲಕ ಹಾಕಿದ ಮೇಲೂ ಎರಡು ಬೆರಳಿನಷ್ಟು ಹಿಂದೆ ಮುಂದೆ ಆಡುತ್ತದೆ, ಅದರ ಮೇಲೆ ದನ ಬಂದು ಮೈ ತಿಕ್ಕುತ್ತದೆ. ಮೇಲಾಗಿ ಕಬ್ಬಿಣ. ಅಯಸ್ಕಾಂತವನ್ನು ನೇರವಾಗಿ ಕಬ್ಬಿಣದ ಮೇಲೆ ಕೂರಿಸಿದರೆ ಅದರ ಸೆಳೆತದ ಒಂದು ಪಾಲನ್ನು ಕಬ್ಬಿಣವೇ ನುಂಗುತ್ತದೆ, ಡಬ್ಬಿಯ ಮೇಲೆ ಬರೆದ ಅಂತರ ಅಲ್ಲಿ ಸಿಗುವುದಿಲ್ಲ. ಗೇಟಿಗಾಗಿಯೇ 50 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಅಂತರ ತಡೆಯುವ ಸೆನ್ಸರುಗಳು ಬರುತ್ತವೆ. ಅಯಸ್ಕಾಂತದ ಅಡಿಗೆ ಒಂದು ಮರದ ತುಂಡು ಅಥವಾ ದಪ್ಪ ಪ್ಲಾಸ್ಟಿಕ್ ಕೊಟ್ಟರೂ ಎಷ್ಟೋ ಸರಿಹೋಗುತ್ತದೆ. ನೀವು ಕೊನೆಗೆ ಏನು ಮಾಡಿದಿರಿ? ‘ಸರಿಪಡಿಸಲಾಯಿತು’ ಅಂತಷ್ಟೇ ಇದೆ. ಯಾರು ಸರಿಪಡಿಸಿದರು? ಚಿಲಕ ಬದಲಾಯಿಸಿದಿರೋ, ಅಯಸ್ಕಾಂತ ಸರಿಸಿದಿರೋ, ಹಳೆ ಟೈರಿನ ರಬ್ಬರ್ ಸಿಕ್ಕಿಸಿ ಗೇಟಿನ ಆಟ ನಿಲ್ಲಿಸಿದಿರೋ? ನನಗೆ ಬೇಕಾಗಿದ್ದ ವಾಕ್ಯ ಅದೇ, ಅದೇ ಇಲ್ಲ.

ಈ ‘ಲಾಯಿತು’, ‘ಲಾಗುತ್ತದೆ’ಗಳನ್ನು ಎಲ್ಲ ಕಡೆಯಿಂದಲೂ ಕಿತ್ತುಹಾಕಿ. ‘ಸೆನ್ಸರನ್ನು ಸೂಕ್ತ ಸ್ಥಳದಲ್ಲಿ ಅಳವಡಿಸಲಾಗುತ್ತದೆ’ ಅಂತ ಬರೆದಿದ್ದೀರಿ. ಸೂಕ್ತ ಸ್ಥಳ ಯಾವುದು ಅಂತ ತಿಳಿಯಲೆಂದೇ ಓದುಗ ಬಂದಿರುವುದು. ಹೀಗೆ ಬರೆದು ನೋಡಿ: ‘ಬ್ಯಾಟರಿ ಇರುವ ಡಬ್ಬಿಯನ್ನು ಕಂಬಕ್ಕೆ ಹಾಕಿದೆ, ಅಯಸ್ಕಾಂತವನ್ನು ಗೇಟಿಗೆ. ಕೀಲಿನ ಕಡೆ ಹಾಕಲಿಲ್ಲ, ಅಲ್ಲಿ ಗೇಟು ಸುಮಾರು ತೆರೆದರೂ ಅಯಸ್ಕಾಂತ ಸ್ವಲ್ಪವೇ ಸರಿಯುತ್ತದೆ. ಚಿಲಕದ ಕಡೆ, ಒಳಮೈಗೆ, ಎದೆಮಟ್ಟಕ್ಕೆ ಹಾಕಿದೆ. ಕೆಳಗೆ ಹಾಕಿದರೆ ಕೆಸರು ಹಾರುತ್ತದೆ.’ ನಿಮಗೆ ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು. ಗೇಟಿನ ಮುಂದೆ ಡ್ರಿಲ್ ಹಿಡಿದು ನಿಂತವನಿಗೆ ಬೇರೆ ವಿಷಯವೇ ಇರುವುದಿಲ್ಲ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಡುವಿನ ಮೂರು ಪ್ಯಾರಾ ನಿಮ್ಮದಲ್ಲ. ಹುಲ್ಲುಹಾಸು ಕತ್ತರಿಸುವ ಮಷೀನು, ಸೈಕಲ್ಲು ಇಡುವ ಶೆಡ್ಡು, ಹಿಮ ಬೀಳುವಾಗ ಬ್ಯಾಟರಿ ಕುಗ್ಗುವುದು, ಇವೆಲ್ಲ ಅಡಿಕೆ ತೋಟಕ್ಕೆ ಎಲ್ಲಿಂದ ಬಂದವು? ಯಾವುದೋ ಅಮೆರಿಕದ ಕೈಪಿಡಿಯಿಂದ ಎತ್ತಿ ಕನ್ನಡಕ್ಕೆ ತಿರುಗಿಸಿದ್ದೀರಿ. ನಮ್ಮಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಬಿಸಿಲಿಗೆ ಕಾದ ತಗಡು ಮತ್ತು ಗೇಟಿನ ಕುಣಿತ. ಗುಂಡಿ ಆಕಾರದ ಸಿಆರ್2032 ಸೆಲ್ಲಿನಲ್ಲಿ ಇರುವುದೇ ಸುಮಾರು 220 ಮಿಲಿಆಂಪಿಯರ್ ಅವರ್‌ನಷ್ಟು ವಿದ್ಯುತ್ತು. ಗೇಟು ಒಮ್ಮೆ ಆಡಿದರೆ ಒಮ್ಮೆ ರೇಡಿಯೋ ಹೊಡೆಯುತ್ತದೆ, ಗಾಳಿಗೆ ರಾತ್ರಿಯಿಡೀ ಕುಣಿದರೆ ಎಷ್ಟು ಸಲ ಹೊಡೆಯಿತು ಅಂತ ಲೆಕ್ಕ ಹಾಕಿ. ‘ಐದು ವರ್ಷ ಬಾಳಿಕೆ’ ಅನ್ನುವುದು ಅಲ್ಲಾಡದ ಬಾಗಿಲಿನ ಮಾತು.

ಅದೇ ಕೈಪಿಡಿಯಿಂದ ಬಂದಿರುವ ಇನ್ನೊಂದು ಸಾಲು ಅಪಾಯದ್ದು. 915 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಮಾತಾಡುವ ಸೆನ್ಸರು ಒಳ್ಳೆಯದು, ವಿದೇಶದಲ್ಲಿರುವ ನೆಂಟರಿಂದ ತರಿಸಿಕೊಳ್ಳಿ ಅಂತ ಸಲಹೆ ಕೊಟ್ಟಿದ್ದೀರಿ. ಅಮೆರಿಕದಲ್ಲಿ 902ರಿಂದ 928ರವರೆಗೆ ಇಂಥ ಉಪಕರಣಗಳಿಗೆ ಮುಕ್ತ. ನಮ್ಮಲ್ಲಿ 915ರವರೆಗಿನ ಭಾಗ ಮೊಬೈಲ್ ಕಂಪನಿಗಳಿಗೆ ಕೊಟ್ಟಿರುವುದು. ನಮ್ಮಲ್ಲಿ ಲೈಸೆನ್ಸ್ ಬೇಡದವುಗಳಲ್ಲಿ 865ರಿಂದ 868ರ ಪಟ್ಟಿ ಒಂದು, ವೈಫೈ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಇನ್ನೊಂದು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಹೆಚ್ಚಿನವು 433ರವು. ನಿಮ್ಮ ಮಾತು ಕೇಳಿ ಯಾರೋ ಮಗನ ಕೈಲಿ ಟೆಕ್ಸಸ್‌ನಿಂದ ತರಿಸಿಕೊಂಡರೆ, ಅದು ಇಲ್ಲಿಯ ಪ್ಯಾನೆಲ್ಲಿನ ಜೊತೆ ಮಾತೇ ಆಡದಿದ್ದರೆ, ಫೋನ್ ಬರುವುದು ನನಗೆ.

ದೂರದ ವಿಷಯಕ್ಕೆ ಬರೋಣ. ‘100 ಮೀಟರ್ ವ್ಯಾಪ್ತಿ’ ಅಂತ ಡಬ್ಬಿಯಲ್ಲಿ ಇದ್ದದ್ದನ್ನೇ ಬರೆದಿದ್ದೀರಿ. ಅದು ಎದುರಿಗೆ ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ನಿಮ್ಮ ಶೆಡ್ಡಿಗೆ ಮೇಲೂ ತಗಡು, ಸುತ್ತಲೂ ತಗಡು. ರೇಡಿಯೋ ಅಲೆ ಲೋಹವನ್ನು ದಾಟುವುದಿಲ್ಲ, ಸಂದು ಹುಡುಕಿಕೊಂಡು ಹೊರಗೆ ಬರಬೇಕು. ಶೆಡ್ಡಿನ ಒಳಗೆ ಸೆನ್ಸರ್ ಹಾಕಿ ಮನೆಯೊಳಗೆ ಗಾಡ್ರೇಜ್ ಬೀರುವಿನ ಪಕ್ಕ ಪ್ಯಾನೆಲ್ ಇಟ್ಟರೆ ಇಪ್ಪತ್ತು ಮೀಟರ್ ತಲುಪುವುದೂ ಕಷ್ಟವಾದೀತು. ನಿಮ್ಮದು ತಲುಪಿತು ಅನ್ನುತ್ತೀರಿ, ಸಂತೋಷ, ಆದರೆ ಹೇಗೆ? ತೆಂಗಿನ ಮರಕ್ಕೆ ರಿಪೀಟರ್, ಅಂದರೆ ಸೆನ್ಸರಿನ ಕೂಗನ್ನು ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ, ಕಟ್ಟಿದ್ದೀರಿ ಅಂತ ಫೋಟೋದಲ್ಲಿ ಕಾಣುತ್ತಿದೆ, ಬರಹದಲ್ಲಿ ಅದರ ಸುದ್ದಿಯೇ ಇಲ್ಲ! ಸ್ಕ್ರೂ ಬಿಗಿಯುವ ಮೊದಲು ಸೆನ್ಸರನ್ನು ಅಲ್ಲೇ ಟೇಪ್ ಹಚ್ಚಿ ನಿಲ್ಲಿಸಿ, ಬಾಗಿಲು ಮುಚ್ಚಿ ತೆಗೆದು, ಮನೆಯಲ್ಲಿ ಒಬ್ಬರನ್ನು ಕೂರಿಸಿ ಸದ್ದು ಬಂತಾ ಅಂತ ಕೇಳಿದಿರಾ? ಹಾಗೆ ಮಾಡಿದ್ದರೆ ಬರೆಯಿರಿ. ಇಲ್ಲದಿದ್ದರೆ ಈಗ ಮಾಡಿ ಬರೆಯಿರಿ.

ಮಳೆಯ ಬಗ್ಗೆ ‘ಐಪಿ65 ಆದ್ದರಿಂದ ಮಳೆಗೆ ಚಿಂತೆಯಿಲ್ಲ’ ಅಂತಿದೆ. ಐಪಿ ಅನ್ನುವುದು ದೂಳು, ನೀರನ್ನು ಡಬ್ಬಿ ಎಷ್ಟು ತಡೆಯುತ್ತದೆ ಅನ್ನುವುದರ ಗುರುತು. ಆ 5 ಅಂದರೆ ಪರೀಕ್ಷೆಯಲ್ಲಿ ನಿಮಿಷಕ್ಕೆ ಹನ್ನೆರಡೂವರೆ ಲೀಟರಿನ ಧಾರೆಯನ್ನು ಮೂರು ನಿಮಿಷ ಹೊಡೆದು ನೋಡುತ್ತಾರೆ, ಹೊಸ ಡಬ್ಬಿಗೆ, ಹೊಸ ರಬ್ಬರಿಗೆ. ಮೂರು ನಿಮಿಷ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಆಷಾಢದಲ್ಲಿ ಗೋಡೆಗಳೇ ಬೆವರುತ್ತವೆ. ನೀರು ಧಾರೆಯಾಗಿ ಒಳಗೆ ಹೋಗಬೇಕೆಂದಿಲ್ಲ, ಹಗಲು ಕಾದು ರಾತ್ರಿ ತಣ್ಣಗಾಗುವ ಡಬ್ಬಿ ಉಸಿರಾಡಿದ ಹಾಗೆ ತೇವವನ್ನು ಒಳಗೆಳೆದುಕೊಳ್ಳುತ್ತದೆ, ಸೆಲ್ಲಿನ ಸ್ಪ್ರಿಂಗಿಗೆ ಹಸಿರು ಕಿಲುಬು ಕಟ್ಟುತ್ತದೆ. ಆಮೇಲೆ ಇರುವೆ. ಅವಕ್ಕೆ ಒಣಗಿದ ಬೆಚ್ಚಗಿನ ಡಬ್ಬಿ ಅಂದರೆ ಮೊಟ್ಟೆ ಇಡಲು ಪ್ರಶಸ್ತ ಜಾಗ. ಸ್ಕ್ರೂ ತೂತಿಗೆ ಸಿಲಿಕೋನ್ ಹಚ್ಚುವುದು, ಮೇಲೊಂದು ತಗಡಿನ ಅಥವಾ ಅಡಿಕೆ ಹಾಳೆಯ ಸೂರು ಕಟ್ಟುವುದು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವುದು, ಇವೆಲ್ಲ ನಿಮ್ಮ ನೆರೆಹೊರೆಯವರು ಮಾಡುತ್ತಿರಬಹುದು, ಕೇಳಿ ಬರೆಯಿರಿ. ಮಂಗನ ವಿಷಯ ನಿಮ್ಮ ಅಕ್ಕಪಕ್ಕದವರೇ ಹೇಳುತ್ತಾರೆ. ಹೊಳೆಯುವ ಬಿಳಿ ಡಬ್ಬಿ ಕಂಡರೆ ಅದು ಬಿಡುವುದೇ ಇಲ್ಲ.

ಪಿಐಆರ್, ಅಂದರೆ ಓಡಾಟ ಹಿಡಿಯುವ ಸೆನ್ಸರಿನ ಬಗ್ಗೆ ಒಂದೇ ತಿದ್ದುಪಡಿ. ಅದು ಕಳ್ಳನ ಮೈಯ ಶಾಖವನ್ನು ‘ಅಳೆಯುವುದಿಲ್ಲ’. ತನ್ನ ನೋಟದಲ್ಲಿ ಸುತ್ತಲಿಗಿಂತ ಬೇರೆ ಬಿಸಿಯದ್ದೇನೋ ಸರಿದಾಡಿದರೆ ಅದನ್ನು ಹಿಡಿಯುತ್ತದೆ. ನೇರ ತನ್ನ ಕಡೆಗೇ ನಡೆದು ಬರುವವನಿಗಿಂತ ಅಡ್ಡ ಹಾಯುವವನನ್ನು ಚೆನ್ನಾಗಿ ಹಿಡಿಯುತ್ತದೆ. ಸುತ್ತಲಿನ ಗಾಳಿಯೇ ಮೈಯಷ್ಟು ಬಿಸಿಯಾದಾಗ ತಡವರಿಸುತ್ತದೆ. ನಮ್ಮ ಓದುಗರು ಕಲಬುರಗಿಯಲ್ಲೂ ಇದ್ದಾರೆ, ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅವರಿಗೆ ಇದು ಬೇಕು.

ಕೊನೆಯ ಭಾಗದಲ್ಲಿ ಒಂದು ದೊಡ್ಡ ತೂತಿದೆ. ಸೈರನ್ ಹೊಡೆಯಿತು, ಆಮೇಲೆ? ನಿಮ್ಮ ಪ್ಯಾನೆಲ್ಲಿಗೆ ಒಂದು ಸಿಮ್ ಹಾಕಿದ್ದೀರಿ, ಅದು ಫೋನಿಗೆ ಕರೆ ಮಾಡುತ್ತದೆ. ಕರೆಂಟು ಹೋದಾಗ ಪ್ಯಾನೆಲ್ಲಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ? ಮಳೆಗಾಲದಲ್ಲಿ ನಿಮ್ಮ ಕಡೆ ದಿನಗಟ್ಟಲೆ ಕರೆಂಟು ಇರುವುದಿಲ್ಲ, ಟವರೂ ಮಲಗುತ್ತದೆ. ಸಿಮ್ಮಿನ ರೀಚಾರ್ಜ್ ಮುಗಿದರೆ ನೆನಪಿಸುವವರು ಯಾರು? ಇನ್ನೂ ಮುಖ್ಯವಾದದ್ದು ಒಂದಿದೆ. ಅಗ್ಗದ ಸೆನ್ಸರು ಗೇಟು ತೆರೆದಾಗ ಮಾತ್ರ ಕೂಗುತ್ತದೆ, ಬೇರೆ ಹೊತ್ತು ಮೌನ. ಬ್ಯಾಟರಿ ಸತ್ತರೂ ಮೌನ. ಎರಡು ಮೌನಕ್ಕೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಸ್ವಲ್ಪ ಜಾಸ್ತಿ ಬೆಲೆಯವು ಆಗಾಗ ‘ಇದ್ದೇನೆ’ ಅಂತ ಸಂದೇಶ ಕಳಿಸುತ್ತವೆ, ಅದು ಬಾರದಿದ್ದರೆ ಪ್ಯಾನೆಲ್ ಎಚ್ಚರಿಸುತ್ತದೆ. ನಿಮ್ಮ ಸೆನ್ಸರು ಯಾವ ಬಗೆಯದು? ಕೊಳ್ಳುವ ಮೊದಲು ಓದುಗ ಕೇಳಬೇಕಾದ ಪ್ರಶ್ನೆಗಳಲ್ಲಿ ಇದನ್ನು ನಾನಾದರೆ ಎಲ್ಲಕ್ಕಿಂತ ಮೇಲಿಡುತ್ತೇನೆ. ಮತ್ತೆ ಸದ್ದು ಬಂದರೆ ಟಾರ್ಚ್ ಹಿಡಿದು ಒಬ್ಬರೇ ಓಡಿ ಅನ್ನುವ ಅರ್ಥದ ಸಾಲು ತೆಗೆಯಿರಿ. 112ಕ್ಕೆ ಫೋನ್, ಅಕ್ಕಪಕ್ಕದ ಮನೆಗೆ ಫೋನ್, ಅಂಗಳದ ದೀಪ ಹಾಕುವುದು. ಅಷ್ಟು ಬರೆದರೆ ಸಾಕು.

ಅಂಗಡಿಯ ಹೆಸರು ಮೂರು ಕಡೆ ಬಂದಿದೆ, ಮೂರೂ ಹೋಗುತ್ತವೆ. ಅವರು ರಿಯಾಯಿತಿ ಕೊಟ್ಟಿದ್ದರೆ ಒಳ್ಳೆಯದೇ, ಹಾಗಂತ ಒಂದು ಸಾಲಿನಲ್ಲಿ ಹೇಳಿಬಿಡಿ. ಬೆಲೆ ಮಾತ್ರ ಇರಲಿ, ಸೆನ್ಸರಿಗೆ ಎಷ್ಟು, ಪ್ಯಾನೆಲ್ಲಿಗೆ ಎಷ್ಟು, ಆಮೇಲೆ ತಂದ ಕ್ಲಾಂಪು, ಸಿಲಿಕೋನು, ರಿಪೀಟರಿಗೆ ಎಷ್ಟು ಅಂತ ಬೇರೆ ಬೇರೆ. ಈ ಆಮೇಲಿನ ಖರ್ಚನ್ನು ಯಾರೂ ಬರೆಯುವುದಿಲ್ಲ.

ಒಂದು ಸಾವಿರ ಪದ ಸಾಕು. ಅಮ್ಮ ಬ್ಯಾಟರಿ ಕಿತ್ತ ರಾತ್ರಿಯಿಂದ ಶುರು ಮಾಡಿ ಗೇಟಿಗೇ ಅರ್ಧ ಜಾಗ ಕೊಡಿ, ಶೆಡ್ಡಿಗೆ ಉಳಿದದ್ದು. ಪಂಪ್‌ಹೌಸ್ ಬಿಟ್ಟರೂ ಪರವಾಗಿಲ್ಲ, ಅಲ್ಲಿ ನಿಮಗೆ ಹೇಳುವಂಥದ್ದೇನೂ ಆದ ಹಾಗೆ ಕಾಣಲಿಲ್ಲ. ಫೋಟೋಗಳಲ್ಲಿ ಅಯಸ್ಕಾಂತದ ಹತ್ತಿರದ್ದು ಚೆನ್ನಾಗಿದೆ, ಅದನ್ನು ಹಾಕುತ್ತೇನೆ. ಗೇಟು, ಮನೆಯ ಹೆಸರಿನ ಫಲಕ, ಹಿಂದೆ ಅಡಿಕೆ ಚೀಲ ತುಂಬಿದ ಶೆಡ್ಡು ಎಲ್ಲ ಒಟ್ಟಿಗೆ ಕಾಣುವ ಫೋಟೋ ಹಾಕುವುದಿಲ್ಲ. ಊರಿನ ಹೆಸರನ್ನೂ ತೆಗೆಯುತ್ತೇನೆ, ತಾಲೂಕು ಸಾಕು. ಯಾವ ಕಂಬದಲ್ಲಿ ಸೆನ್ಸರಿದೆ, ರಿಪೀಟರ್ ಯಾವ ಮರದಲ್ಲಿದೆ, ಕರೆಂಟು ಹೋದರೆ ಏನಾಗುತ್ತದೆ ಅಂತ ಇಷ್ಟೆಲ್ಲ ನಿಮ್ಮ ಕೈಲಿ ಬರೆಸಿದ ಮೇಲೆ ವಿಳಾಸವನ್ನೂ ಅಚ್ಚು ಹಾಕಲು ನನಗೆ ಧೈರ್ಯವಿಲ್ಲ.